ಒಂಬತ್ತು ಕೆಂಪು ದಾರ

ಒಬ್ಬ ಮನುಷ್ಯ ಏಳು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಕೆಲಸವನ್ನು ನಾನು ಒಂದು ಭಾನುವಾರ ಅರ್ಧ ಗಂಟೆಯಲ್ಲಿ ಹಾಳು ಮಾಡಿದೆ. ಅದೂ ಒಳ್ಳೆಯ ಮನಸ್ಸಿನಿಂದ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಕ್ಷಮೆ ಕೇಳುವುದಾದರೂ ಸುಲಭವಿತ್ತು. ಉಪಕಾರ ಮಾಡಲು ಹೋಗಿ ಕೆಡಿಸಿದವರ ಪಾಡು ಯಾರಿಗೂ ಬೇಡ; ಎದುರಿಗಿರುವವರು ಬೈಯುವುದಿಲ್ಲ, ಬೈಸಿಕೊಂಡರೆ ಸಿಗುವ ಸಮಾಧಾನವೂ ನಮಗೆ ಸಿಗುವುದಿಲ್ಲ.

ನಾನು ಟೈಲರ್. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ, ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು. ತೋಟದವರು ನನಗೆ ಕತ್ತರಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಕೈಯಲ್ಲಿರುವ ಕತ್ತರಿ ನೋಡಿ ಇಟ್ಟರೋ, ನನ್ನ ಮಾತು ಕೇಳಿ ಇಟ್ಟರೋ ಎಂದರೆ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ.

ತೋಟ ಎಂದರೆ ನೀರಿನ ಟ್ಯಾಂಕಿನ ಹಿಂದಿನ ಜಾಗ. ಐದು ಜನಕ್ಕೆ ಐದು ತುಂಡು ನೆಲ, ನಡುವೆ ಒಬ್ಬರು ನಡೆಯುವಷ್ಟು ದಾರಿ, ಮೂಲೆಯಲ್ಲಿ ತಗಡಿನ ಶೆಡ್ಡು, ಎಲ್ಲರಿಗೂ ಸೇರಿ ಒಂದು ನಲ್ಲಿ. ಡ್ರೈವರಣ್ಣ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಕುಂಬಳದ ಬಳ್ಳಿ ನನ್ನ ತುಂಡಿಗೆ ನುಗ್ಗಿದರೆ ಓವರ್‌ಟೇಕ್ ಮಾಡ್ತಿದೆ ಬಿಡಿ ಎನ್ನುತ್ತಾರೆ. ನರ್ಸಕ್ಕ ಆಸ್ಪತ್ರೆಯ ಪಾಳಿ ಮುಗಿಸಿ ಮನೆಗೂ ಹೋಗದೆ ಇಲ್ಲಿಗೆ ಬಂದು ಗಿಡಗಳ ಯೋಗಕ್ಷೇಮ ವಿಚಾರಿಸುವವಳು. ಗಣಿತದ ಮೇಷ್ಟ್ರು ಸ್ಕೇಲು ಹಿಡಿದು ಸಸಿ ನೆಡುತ್ತಾರೆ, ನೀರು ಹಾಕಲು ಮರೆಯುತ್ತಾರೆ. ಐದನೆಯವರು ವಾಚಣ್ಣ.

ವಾಚಣ್ಣ ಗಡಿಯಾರ ರಿಪೇರಿ ಮಾಡುವವರು. ಎಪ್ಪತ್ತು ದಾಟಿದೆ. ಗಂಟೆ ಎಷ್ಟಾಯಿತು ಎಂದು ಕೇಳಿದರೆ ಹತ್ತೂವರೆ ಎಂದು ಹೇಳಿದವರಲ್ಲ. ಹತ್ತು ಇಪ್ಪತ್ತೆಂಟು ಎನ್ನುತ್ತಾರೆ. ಕೆಟ್ಟು ಕೂತ ವಾಚನ್ನು ತಂದವರಿಗೆ ಇದು ಇನ್ನು ನಡೆಯುವುದಿಲ್ಲ ಎಂದು ಮುಖಕ್ಕೆ ಹೇಳಿ ಕಳಿಸುತ್ತಾರೆ, ಅಪ್ಪನ ಕಾಲದ್ದು ಎಂದು ಗೋಗರೆದರೂ ಅಷ್ಟೇ. ನಾನು ಕಂಡಂತೆ ಆ ಮನುಷ್ಯ ಒಂದು ಸುಳ್ಳು ಹೇಳಿದ್ದಿಲ್ಲ, ಉಪಚಾರಕ್ಕೂ ಹೇಳಿದ್ದಿಲ್ಲ. ಮೊದಲ ವರ್ಷ ನಾನು ಬೆಳೆದ ಮೂಲಂಗಿಯನ್ನು ಎಲ್ಲರೂ ಹೊಗಳಿ ಹೊಗಳಿ ತಿಂದರು. ಅವರೊಬ್ಬರು ಮಾತ್ರ ನಿಧಾನಕ್ಕೆ ಅಗಿದು, ಬೆಂಡಾಗಿದೆ, ಒಂದು ವಾರ ಮೊದಲು ಕೀಳಬೇಕಿತ್ತು ಎಂದರು. ನಾನು ಮೂರು ದಿನ ಮಾತು ಬಿಟ್ಟಿದ್ದೆ.

ನಾಲ್ಕನೆಯ ದಿನ ಹೋಗಿ ನೋಡಿದರೆ ಕೊಳೆತು ಬಿದ್ದಿದ್ದ ನನ್ನ ಟೊಮೆಟೊ ಸಸಿಗಳ ಪಕ್ಕದಲ್ಲಿ ಹನ್ನೆರಡು ಕುಂಡ, ಹನ್ನೆರಡರಲ್ಲೂ ಗಟ್ಟಿ ಸಸಿ. ಯಾರು ಇಟ್ಟಿದ್ದು ಎಂದು ಜೋರಾಗಿಯೇ ಕೇಳಿದೆ. ವಾಚಣ್ಣ ತಲೆ ಎತ್ತಿ ನಾನು ಎಂದರು, ಮತ್ತೆ ಕಳೆ ಕೀಳತೊಡಗಿದರು. ಕೊಟ್ಟದ್ದನ್ನು ಮುಚ್ಚಿಡುವ ದೊಡ್ಡಸ್ತಿಕೆಯೂ ಇಲ್ಲ, ಹೇಳಿಕೊಳ್ಳುವ ಚಟವೂ ಇಲ್ಲ. ಅವತ್ತಿನಿಂದ ನನಗೆ ಆ ಮನುಷ್ಯನನ್ನು ಕಂಡರೆ ಒಂದು ತೂಕ ಗೌರವ ಜಾಸ್ತಿ. ನನ್ನ ಕತ್ತರಿಗೆ ಸಾಣೆ ಹಿಡಿದುಕೊಡುವವರೂ ಅವರೇ; ಹಿಡಿದುಕೊಟ್ಟಾಗ ರೇಷ್ಮೆಯನ್ನೂ ಗೋಣಿಯನ್ನೂ ಒಂದೇ ಉಸಿರಿಗೆ ಕತ್ತರಿಸಬಹುದು.

ಮಳೆಗಾಲ ಮುಗಿಯುತ್ತ ಬರುವ ಹೊತ್ತಿಗೆ ಪ್ರತಿವರ್ಷ ಅವರು ನನ್ನ ಅಂಗಡಿಗೆ ಬಂದು ಒಂದು ಮೊಳ ಕೆಂಪು ದಾರ ಕೇಳುತ್ತಿದ್ದರು. ಬಿಸಿಲಿಗೆ ಮಾಸದ ಬಣ್ಣ, ಮಳೆಗೆ ಕೊಳೆಯದ ನೂಲು ಬೇಕು ಎನ್ನುತ್ತಿದ್ದರು. ಕೊಡುತ್ತಿದ್ದೆ. ಯಾತಕ್ಕೆ ಎಂದು ಏಳು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಊರಿನ ಎಲ್ಲ ವಿಷಯಕ್ಕೂ ಮೂಗು ತೂರಿಸುವ ನಾನು ಕೇಳಲೇಬೇಕಾದ ಅದೊಂದನ್ನು ಕೇಳದೆ ಬಿಟ್ಟೆ ನೋಡಿ.

ಈ ಸಲ ಎಲೆ ಉದುರುವ ಕಾಲ ಶುರುವಾದಾಗ ವಾಚಣ್ಣನ ಕಣ್ಣಿಗೆ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಮಣ್ಣಿನ ದೂಳು ತಾಗುವಂತಿಲ್ಲ. ತೋಟಕ್ಕೆ ಮೈತುಂಬ ಕೆಲಸ ಬೀಳುವುದೇ ಆ ತಿಂಗಳಲ್ಲಿ. ಚಳಿ ಕೂರುವ ಮೊದಲು ಒಣಗಿದ ಗಿಡ ಕಿತ್ತು, ನೆಲ ಅಗೆದು, ಗೊಬ್ಬರ ಹಾಕಿ, ಬೆಳ್ಳುಳ್ಳಿ ಊರಿ, ಡೇಲಿಯಾ ಗೆಡ್ಡೆ ಎತ್ತಿ ಒಣಗಿಸಿಡಬೇಕು. ನಾವಿದ್ದೀವಲ್ಲ, ಒಂದು ಭಾನುವಾರ ವಾಚಣ್ಣನ ತುಂಡಿನದೆಲ್ಲ ಮುಗಿಸೋಣ ಎಂದು ನಾನೇ ಮುಂದೆ ಬಿದ್ದೆ. ಯಾರಿಗೆ ಯಾವ ಕೆಲಸ ಎಂದು ಬಟ್ಟೆಯ ಅಳತೆ ಬರೆಯುವ ಪುಸ್ತಕದಲ್ಲಿ ಬರೆದೂ ಕೊಂಡೆ.

ಆ ಭಾನುವಾರ ನಾವು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಹೆಮ್ಮೆಯಾಗುತ್ತದೆ. ಡ್ರೈವರಣ್ಣ ಮೊಣಕಾಲು ನೋವನ್ನು ಮರೆತು ಇಡೀ ತುಂಡನ್ನು ಗುದ್ದಲಿಯಿಂದ ಅಗೆದರು, ಸೊಂಟ ಹಿಡಿದುಕೊಂಡಾಗಲೆಲ್ಲ ಇದು ಸ್ಟಾಪು, ಇಲ್ಲಿ ಐದು ನಿಮಿಷ ನಿಲ್ಲುತ್ತೆ ಎಂದರು. ನರ್ಸಕ್ಕ ಡೇಲಿಯಾ ಗೆಡ್ಡೆಗಳನ್ನು ಕೂಸುಗಳನ್ನು ಎತ್ತುವ ಹಾಗೆ ಎತ್ತಿ, ಮಣ್ಣು ಒರೆಸಿ, ಕಾಗದದಲ್ಲಿ ಸುತ್ತಿ ಬಣ್ಣ ಬರೆದಿಟ್ಟಳು. ಮೇಷ್ಟ್ರು ಹಗ್ಗ ಕಟ್ಟಿ, ಗೇಣಿಗೊಂದರಂತೆ ಬೆಳ್ಳುಳ್ಳಿ ಎಸಳು ಊರಿದರು. ನಲ್ಲಿಗೆ ಗೋಣಿಪಟ್ಟಿ ಸುತ್ತಿದೆವು. ಗುಲಾಬಿ ಬುಡಕ್ಕೆ ಒಣ ಎಲೆ ಹೊದಿಸಿದೆವು. ಉಪಕರಣಗಳನ್ನು ಉಜ್ಜಿ ಎಣ್ಣೆ ಹಚ್ಚಿದೆವು. ಯಾರೂ ಯಾರಿಗೂ ಹೇಳಿಸಿಕೊಳ್ಳಲಿಲ್ಲ. ತಮ್ಮ ತಮ್ಮ ತುಂಡಿಗೂ ಅಷ್ಟು ಆಸ್ಥೆಯಿಂದ ದುಡಿಯದ ಜನ ಅವರು, ಮೇಷ್ಟ್ರನ್ನಂತೂ ನಾನು ಬಲ್ಲೆ.

ಮೂಲೆಯ ಬೀನ್ಸ್ ಬಳ್ಳಿ ನನ್ನ ಪಾಲಿಗೆ ಬಂತು. ಮೂರು ಕೋಲುಗಳ ಮೇಲೆ ಒಣಗಿ, ಕಪ್ಪಾಗಿ, ನೋಡಲಾಗದ ಹಾಗೆ ಜೋತುಬಿದ್ದಿತ್ತು. ಓರೆ ಹೊಲಿಗೆ ಕಂಡರೆ ಬಿಚ್ಚಿ ಹಾಕುವವಳು ನಾನು, ಅದನ್ನು ಹೇಗೆ ಬಿಟ್ಟೇನು. ಕಾಯಿ ಸುಲಿದು ಬೀಜ ತೆಗೆಯೋಣವೇ ಎಂದು ನರ್ಸಕ್ಕ ಕೇಳಿದಳು. ವಾಚಣ್ಣ ಪ್ರತಿವರ್ಷ ನಮಗೆಲ್ಲ ಡಬ್ಬಿಯಿಂದ ಬೀನ್ಸ್ ಬೀಜ ಹಂಚುವವರು, ಈ ಸುಕ್ಕುಗಟ್ಟಿದ ಕಾಯಿಗಳನ್ನು ಇಟ್ಟುಕೊಂಡು ಏನು ಮಾಡುತ್ತಾರೆ, ಮೇಲಾಗಿ ರೋಗ ತಗಲಿದ ಹಾಗಿದೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಅವಳು ಕೇಳಿದ್ದಳು. ಇದನ್ನು ನಾನು ಮುಚ್ಚಿಡುವುದಿಲ್ಲ.

ಬಳ್ಳಿಯಲ್ಲಿ ಅಲ್ಲಲ್ಲಿ ಕೆಂಪು ದಾರ ಕಂಡಿತು. ನನ್ನದೇ ದಾರ. ಕೋಲಿಗೆ ಕಟ್ಟುವ ಬದಲು ಕಾಯಿಯ ತೊಟ್ಟಿಗೆ ಎರಡು ಸುತ್ತು ಸುತ್ತಿ ಕಟ್ಟಿದ್ದರು. ಪಾಪ, ಕಣ್ಣು ಮಂಜಾಗಿ ಎಲ್ಲಿಗೆ ಕಟ್ಟುತ್ತಿದ್ದೇನೆ ಎಂದು ತಿಳಿದಿಲ್ಲ ಎಂದುಕೊಂಡೆ. ಹೋದ ವರ್ಷ ಕಸದ ರಾಶಿಯಲ್ಲಿ ನನ್ನ ಅಂಗಡಿಯ ಬಟ್ಟೆ ಚೂರು, ದಾರದ ತುಣುಕು ಇತ್ತೆಂದು, ಗೊಬ್ಬರಕ್ಕೆ ಎಲೆ ಒಯ್ಯುವ ಲಾರಿಯವರು ರಾಶಿಯನ್ನು ಮುಟ್ಟದೆ ಹೋಗಿದ್ದರು. ವರ್ಷವಿಡೀ ಎಲ್ಲರೂ ನನ್ನನ್ನು ಆಡಿಕೊಂಡಿದ್ದರು. ಈ ಸಲ ಹಾಗಾಗಬಾರದು ಎಂದು ಒಂದೊಂದು ದಾರವನ್ನೂ ಹುಡುಕಿ, ಅವರೇ ಸಾಣೆ ಹಿಡಿದ ಕತ್ತರಿಯಿಂದ ಕತ್ತರಿಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಆಮೇಲೆ ಬಳ್ಳಿಯನ್ನು ಎಳೆದು, ಗೇಟಿನ ಬಳಿ ಆಳೆತ್ತರ ಬೆಳೆದಿದ್ದ ಎಲೆಯ ರಾಶಿಗೆ ಎಸೆದೆ. ಕೋಲುಗಳನ್ನು ತೊಳೆದು ಕಟ್ಟಿ ಶೆಡ್ಡಿನಲ್ಲಿಟ್ಟೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಮಧ್ಯಾಹ್ನ ವಾಚಣ್ಣ ಮಗಳ ಕೈ ಹಿಡಿದು ತೋಟಕ್ಕೆ ಬಂದರು. ಒಂದು ಕಣ್ಣಿಗೆ ಪಟ್ಟಿ, ಮೇಲೆ ಕಪ್ಪು ಕನ್ನಡಕ. ಇನ್ನೊಂದು ಕಣ್ಣು ಮೊದಲೇ ಅಷ್ಟಕ್ಕಷ್ಟೆ. ಮಗಳು ಒಂದೊಂದನ್ನೂ ವರ್ಣಿಸಿ ಹೇಳಿದಳು. ಅವರು ಬೆಳ್ಳುಳ್ಳಿ ಸಾಲಿನ ಹಗ್ಗವನ್ನು ಕೋಲಿನಿಂದ ತಟ್ಟಿ ನೋಡಿ ಮೇಷ್ಟ್ರನ್ನು ಹೊಗಳಿದರು, ಡ್ರೈವರಣ್ಣನ ಸೊಂಟ ವಿಚಾರಿಸಿದರು. ಆಮೇಲೆ ನಿಧಾನಕ್ಕೆ ಮೂಲೆಗೆ ನಡೆದು ಗಾಳಿಯಲ್ಲಿ ಕೈಚಾಚಿದರು. ಕೈಗೆ ಏನೂ ಸಿಗಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

“ಕೋಲು ಎತ್ತಿಟ್ರಾ?” ಎಂದು ಕೇಳಿದರು.

ತೊಳೆದು ಶೆಡ್ಡಿನಲ್ಲಿಟ್ಟಿದ್ದೇನೆ, ಬಳ್ಳಿ ರಾಶಿಗೆ ಹೋಯಿತು, ಒಂದು ಎಳೆ ದಾರವನ್ನೂ ಉಳಿಸಿಲ್ಲ ಎಂದು ನಾನು ಬೀಗುತ್ತಾ ಹೇಳಿದೆ.

“ತುಂಬ ಕಷ್ಟಪಟ್ಟಿದೀರಮ್ಮ ಎಲ್ರೂ,” ಎಂದರು.

ಅದು ನಿಜವಾದ ಮಾತೇ. ಚೆನ್ನಾಗಾಯಿತು ಎಂದು ಅವರು ಹೇಳಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆದದ್ದು. ಬೆಂಚಿನ ಮೇಲೆ ಕೂತು ಅರ್ಧ ಲೋಟ ಚಹಾ ಕುಡಿದು, ಇನ್ನರ್ಧ ಬಿಟ್ಟು ಹೊರಟರು. ಲೋಟದಲ್ಲಿ ಚಹಾ ಬಿಡುವ ಮನುಷ್ಯರಲ್ಲ ಅವರು. ಕಣ್ಣುನೋವು ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ವಾಚಣ್ಣನ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವರು ನನ್ನನ್ನು ತಂಗಿಯಂತೆ ಕಾಣುವುದರಿಂದ ಅವಳಿಗೆ ನಾನು ಅತ್ತೆ. ರಾಶಿ ಇನ್ನೂ ಅಲ್ಲೇ ಇದೆಯೇ ಎಂದು ಕೇಳಿದಳು. ಹನ್ನೊಂದಕ್ಕೆ ಲಾರಿ ಬರುತ್ತೆ, ಯಾಕೆ ಎಂದೆ.

“ಅತ್ತೆ, ಅಪ್ಪ ಹೇಳ್ಬೇಡ ಅಂದಿದಾರೆ. ಆದ್ರೆ ರಾತ್ರಿ ಅವರು ಸರಿಯಾಗಿ ಊಟಾನೂ ಮಾಡ್ಲಿಲ್ಲ,” ಎಂದು ಶುರು ಮಾಡಿದಳು.

ಅದು ಬರೀ ಬೀನ್ಸ್ ಅಲ್ಲವಂತೆ. ಚಳಿ ಬಿದ್ದ ಮೇಲೂ ಕಾಯಿ ಬಿಡುವ ತಳಿ ಒಂದು ಬೇಕೆಂದು ವಾಚಣ್ಣ ಏಳು ವರ್ಷದಿಂದ ಹಟ ಹಿಡಿದಿದ್ದರು. ಪ್ರತಿವರ್ಷ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಗಟ್ಟಿಯಾಗಿ ಬಂದ ಕೆಲವೇ ಕಾಯಿಗಳನ್ನು ಆರಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಿ, ಬಳ್ಳಿಯಲ್ಲೇ ಒಣಗಲು ಬಿಟ್ಟು, ಆ ಬೀಜ ಮಾತ್ರ ಮುಂದಿನ ವರ್ಷಕ್ಕೆ. ನಮಗೆ ಹಂಚುತ್ತಿದ್ದದ್ದು ಬೇರೆ, ಸಾಮಾನ್ಯ ಬೀನ್ಸ್. ಇದನ್ನು ಯಾರಿಗೂ ಹೇಳಿರಲಿಲ್ಲ, ಅರ್ಧ ರಿಪೇರಿಯಾದ ವಾಚನ್ನು ಗಿರಾಕಿಗೆ ತೋರಿಸುವವರಲ್ಲ ಅವರು. ಹೋದ ವರ್ಷದ ಬೀಜ ಹಿಡಿಯಷ್ಟೇ ಇತ್ತು, ಅಷ್ಟನ್ನೂ ಈ ವರ್ಷ ಬಿತ್ತಿಬಿಟ್ಟಿದ್ದರು. ಈಗ ಮನೆಯಲ್ಲಿ ಒಂದು ಕಾಳೂ ಇಲ್ಲ.

ಬಾಗಿಲ ಹಿಂದೆ ನೇತುಹಾಕಿದ್ದ ಏಪ್ರನ್ನಿನ ಜೇಬಿಗೆ ಕೈ ಹಾಕಿದೆ. ದಾರದ ತುಣುಕುಗಳು ಹಾಗೇ ಇದ್ದವು. ಮೇಜಿನ ಮೇಲೆ ಹರವಿ ಎಣಿಸಿದೆ. ಒಂಬತ್ತು.

ಮೇಜಿನ ಮೇಲೆ ಗಿರಾಕಿಯೊಬ್ಬರ ಕೋಟು ಅರ್ಧ ಕತ್ತರಿಸಿ ಬಿದ್ದಿತ್ತು. ಬಿದ್ದಿರಲಿ ಎಂದು, ದಾರಗಳನ್ನು ಮತ್ತೆ ಜೇಬಿಗೆ ಹಾಕಿ, ಏಪ್ರನ್ ಕಟ್ಟಿಕೊಂಡು ಷಟರ್ ಎಳೆದೆ. ಒಳಪದರಕ್ಕೆಂದು ತಂದಿದ್ದ ಬಿಳಿ ಬಟ್ಟೆಯ ಥಾನನ್ನು ಕಂಕುಳಲ್ಲಿ ಇರುಕಿಕೊಂಡು ತೋಟದ ಕಡೆ ಓಡಿದೆ. ದಾರಿಯಲ್ಲೇ ಮೂವರಿಗೂ ಫೋನು ಮಾಡಿದೆ. ನಾನು ತಪ್ಪು ಮಾಡಿದ್ದೇನೆ, ಬನ್ನಿ ಎಂದೆ. ಹದಿನೈದು ವರ್ಷದಲ್ಲಿ ನನ್ನ ಬಾಯಿಂದ ಈ ಮಾತು ಮೊದಲ ಸಲ ಕೇಳಿದ್ದಕ್ಕೋ ಏನೋ, ಮೂವರೂ ಹತ್ತು ನಿಮಿಷದಲ್ಲಿ ಬಂದರು. ನರ್ಸಕ್ಕ ಆಗಷ್ಟೇ ಪಾಳಿ ಮುಗಿಸಿದ್ದಳು, ಕಣ್ಣು ಕೆಂಪಾಗಿದ್ದವು. ನಾನು ಕೇಳಿರಲಿಲ್ಲವೇ ಎಂದು ಅವಳು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆಸ್ಪತ್ರೆಯ ಕೈಗವಸು ನಾಲ್ಕು ಜೊತೆ ತಂದಿದ್ದಳು, ಹಂಚಿದಳು.

ರಾಶಿ ನನ್ನ ತಲೆಗಿಂತ ಎತ್ತರವಿತ್ತು. ಐದು ತುಂಡಿನ ಎಲೆ, ಕಡ್ಡಿ, ಬಳ್ಳಿ, ಅದರ ಮೇಲೆ ಸೋಮವಾರ ಬಿದ್ದ ಎಲೆ. ಮೇಷ್ಟ್ರು ಅದನ್ನು ಹಗ್ಗ ಹಾಕಿ ಹದಿನಾರು ಪಾಲು ಮಾಡಿದರು. ಒಂದೊಂದು ಪಾಲನ್ನು ಬಿಳಿ ಬಟ್ಟೆಯ ಮೇಲೆ ಹರವಿ, ಜಾಲಾಡಿ, ಆಚೆ ಹಾಕುವುದು. ಪಾಠಕ್ಕೆ ತಡವಾದರೂ ಇವತ್ತು ಪರವಾಗಿಲ್ಲ ಎಂದರು. ಬೀನ್ಸ್ ಕಾಯಿಗಳು ಒಂದೊಂದಾಗಿ ಸಿಗತೊಡಗಿದವು. ಹತ್ತು, ಇಪ್ಪತ್ತು, ನಲವತ್ತು. ಡ್ರೈವರಣ್ಣ ಹಿಗ್ಗಿದರು. ನನಗೆ ಅಳು ಬಂತು. ನಮ್ಮ ನಾಲ್ವರ ಸಾಮಾನ್ಯ ಬೀನ್ಸ್ ಕಾಯಿಗಳೂ ಅದೇ ರಾಶಿಯಲ್ಲಿದ್ದವು; ದಾರ ಕಟ್ಟಿದ ಕಾಯಿ ಯಾವುದು, ಕಟ್ಟದ ಕಾಯಿ ಯಾವುದು? ಗುರುತನ್ನೆಲ್ಲ ನಾನೇ ಕತ್ತರಿಸಿ ಜೇಬಿಗೆ ಹಾಕಿಕೊಂಡಿದ್ದೆ. ಎಲ್ಲವನ್ನೂ ಕಲಸಿ ಬಿತ್ತಿದರೆ ವಾಚಣ್ಣ ಮತ್ತೆ ಮೊದಲ ವರ್ಷಕ್ಕೇ ಬಂದು ನಿಲ್ಲಬೇಕು. ಎಪ್ಪತ್ತು ದಾಟಿದವರಿಗೆ ಏಳು ವರ್ಷ ಎಂದರೆ ಎಷ್ಟು ಎಂದು ಮೇಷ್ಟ್ರೂ ಲೆಕ್ಕ ಹೇಳಲಿಲ್ಲ.

ಒಂದು ಕಾಯಿಯನ್ನು ಹಿಡಿದು ಸುಮ್ಮನೆ ತಿರುಗಿಸುತ್ತ ಕೂತಿದ್ದೆ. ಹಳೆಯ ಲಂಗದ ಅಂಚು ಬಿಚ್ಚಿದರೆ ಹೊಲಿಗೆ ಇದ್ದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಸುತ್ತಲ ಬಟ್ಟೆ ಬಿಸಿಲಿಗೆ ಮಾಸಿದ್ದರೂ ದಾರದ ಕೆಳಗಿನ ಬಣ್ಣ ಹಾಗೇ ಇರುತ್ತದೆ. ನಲವತ್ತು ವರ್ಷದಿಂದ ದಿನಾ ನೋಡುವ ಗೆರೆ ಅದು. ಆ ಕಾಯಿಯ ತೊಟ್ಟಿನಲ್ಲಿ ಅಂಥದೇ ಗೆರೆ ಇತ್ತು. ತೊಟ್ಟೆಲ್ಲ ಕಂದು ಬಣ್ಣಕ್ಕೆ ಒಣಗಿತ್ತು, ಆದರೆ ಒಂದು ಕಡೆ ಸುತ್ತಲೂ ಎರಡೆಳೆ ಅಗಲಕ್ಕೆ ತಿಳಿ ಹಸಿರು. ಎರಡು ಸುತ್ತು ದಾರ ಇದ್ದ ಜಾಗ.

“ಇದು ಕಟ್ಟಿದ ಕಾಯಿ. ನೋಡಿ, ಗೆರೆ ಇದೆ,” ಎಂದೆ.

ಅಷ್ಟರಲ್ಲಿ ಲಾರಿ ಬಂತು. ನಮ್ಮದು ಇನ್ನೂ ಆರು ಪಾಲು ಬಾಕಿ. ಲಾರಿಯವನಿಗೆ ಇನ್ನೂ ಮೂರು ಬೀದಿ ಬಾಕಿ, ಕಾಯಲು ಆಗುವುದಿಲ್ಲ ಎಂದ. ಡ್ರೈವರಣ್ಣ ಕೈಗವಸು ಬಿಚ್ಚಿ ಅವನ ಹತ್ತಿರ ಹೋಗಿ, ಗಾಡಿ ಸೌಂಡು ಸರಿ ಇಲ್ಲವಲ್ಲ ಎಂದು ತಲೆ ಓರೆ ಮಾಡಿ ಕೇಳಿಸಿಕೊಂಡರು. ಅವನ ಮುಖ ಇಳಿಯಿತು. ಒಂದು ವಾರದಿಂದ ಅವನಿಗೂ ಅದೇ ಅನುಮಾನವಂತೆ. ಇಬ್ಬರೂ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದವರು ಐವತ್ತು ನಿಮಿಷ ಹೊರಗೆ ತೆಗೆಯಲಿಲ್ಲ. ಗಾಡಿಗೆ ನಿಜಕ್ಕೂ ತೊಂದರೆ ಇತ್ತೇ ಎಂದು ನಾನು ಈವರೆಗೂ ಕೇಳಿಲ್ಲ.

ಹದಿನಾರನೆಯ ಪಾಲು ಮುಗಿದಾಗ ಗೆರೆ ಇದ್ದ ಕಾಯಿ ಎಂಟು ಸಿಕ್ಕಿದ್ದವು. ಒಂಬತ್ತನೆಯದಕ್ಕಾಗಿ ನೋಡಿದ್ದನ್ನೇ ಮತ್ತೆ ನೋಡಿದೆವು. ನರ್ಸಕ್ಕ ಗೇಟಿನಿಂದ ಮೂಲೆಯವರೆಗೆ ಮೊಣಕಾಲೂರಿ ದಾರಿಯಿಡೀ ಹುಡುಕಿದಳು. ಎಲ್ಲೋ ಒಡೆದು ಚದುರಿರಬೇಕು, ಇಲ್ಲ ಇಲಿ ಎಳೆದಿರಬೇಕು. ಸಿಗಲಿಲ್ಲ. ಲಾರಿ ರಾಶಿಯನ್ನು ತುಂಬಿಕೊಂಡು ಹೋಯಿತು.

ಎಂಟು ಕಾಯಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಾನೊಬ್ಬಳೇ ವಾಚಣ್ಣನ ಮನೆಗೆ ಹೋದೆ. ಉಳಿದವರು ಬರುತ್ತೇವೆಂದರು, ನಾನೇ ಬೇಡವೆಂದೆ. ಅವರ ಮುಂದಿನ ಕೋಣೆಯ ಗೋಡೆಯಲ್ಲಿ ರಿಪೇರಿಗೆ ಬಂದ ಹದಿನೆಂಟು ಗಡಿಯಾರ, ಎಲ್ಲವೂ ನಡೆಯುತ್ತಿದ್ದವು. ಅವರು ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ, ಯಾವುದು ಹಿಂದೆ ಬೀಳುತ್ತಿದೆ ಎಂದು ಕಿವಿಯಲ್ಲೇ ನೋಡುತ್ತ ಕೂತಿದ್ದರು. ಮಗಳು ಒಳಬಾಗಿಲ ಹತ್ತಿರ ನಿಂತಳು. ಅವಳು ಹೇಳಿದ್ದು ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದೆ. ಕರವಸ್ತ್ರ ಬಿಚ್ಚಿ ಅವರ ಮಡಿಲಿಗೆ ಇಟ್ಟೆ.

ಅವರು ಒಂದೊಂದು ಕಾಯಿಯನ್ನೂ ಎತ್ತಿ ತೊಟ್ಟನ್ನು ಹೆಬ್ಬೆರಳಿನಿಂದ ಸವರಿದರು. ಗಡಿಯಾರದ ಮುಳ್ಳಿನಷ್ಟು ಸಣ್ಣದನ್ನು ಹಿಡಿದು ಪಳಗಿದ ಬೆರಳುಗಳು. ಪ್ರತಿಯೊಂದಕ್ಕೂ ತಲೆಯಾಡಿಸಿದರು.

“ಎಷ್ಟು ಸಿಕ್ತಮ್ಮ?” ಎಂದರು.

“ಎಂಟು.”

ಎಂಟನ್ನೂ ಅವರು ಕರವಸ್ತ್ರದ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು.

“ಸರಿ ಹೋಯ್ತು. ನಾನು ಕಟ್ಟಿದ್ದೇ ಎಂಟು,” ಎಂದರು ವಾಚಣ್ಣ.

ಜೇಬಿನಲ್ಲಿದ್ದ ನನ್ನ ಕೈ ಒಂಬತ್ತು ದಾರಗಳನ್ನು ಮುಷ್ಟಿ ಮಾಡಿ ಹಿಡಿದಿತ್ತು. ಹತ್ತೂವರೆ ಎನ್ನದೆ ಹತ್ತು ಇಪ್ಪತ್ತೆಂಟು ಎನ್ನುವ ಮನುಷ್ಯ. ನನ್ನ ಮೂಲಂಗಿಯನ್ನು ಬೆಂಡು ಎಂದ ಮನುಷ್ಯ. ಇಂಥವರೊಬ್ಬರು ತಮ್ಮ ಪಕ್ಕದ ತುಂಡಿನಲ್ಲಿ ಮಣ್ಣು ಕೆದಕುತ್ತಿದ್ದಾರೆ ಎಂಬ ಭಾಗ್ಯ ಎಷ್ಟು ಜನಕ್ಕೆ ಇದೆಯೋ ನನಗೆ ತಿಳಿಯದು.

ಅವರು ಮಾತು ಮುಂದುವರಿಸಿದರು. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಇಟ್ಟುಕೊಂಡದ್ದು ತಮ್ಮ ತಪ್ಪು, ಮುಂದಿನ ವರ್ಷ ನಾಲ್ವರಿಗೂ ಒಂದೊಂದು ಕಾಯಿ, ಉಳಿದ ನಾಲ್ಕು ತಮಗೆ, ಮೇಷ್ಟ್ರ ತುಂಡಿಗೆ ನೀರು ಹಾಕುವ ಕೆಲಸ ಮಾತ್ರ ನರ್ಸಕ್ಕನದು ಎಂದರು. ಆಮೇಲೆ ದಾರ ತಂದಿದ್ದೀರಾ, ಗುರುತು ಕಟ್ಟಿಬಿಡೋಣ ಎಂದು ಕೈಚಾಚಿದರು. ನಾನು ಜೇಬಿನೊಳಗೇ ಒಂದನ್ನು ಬೇರೆ ಮಾಡಿ, ಉಳಿದವನ್ನು ಅವರ ಅಂಗೈಗೆ ಇಟ್ಟೆ. ಅವರು ಬೆರಳಲ್ಲಿ ಎಣಿಸಿದರು. ತುದಿಯ ಗಂಟುಗಳನ್ನು ಸವರಿದರು, ಅವರೇ ಹಾಕಿದ ಗಂಟುಗಳು. ಒಂದು ಕ್ಷಣ ಬೆರಳು ನಿಂತಿತು.

“ಎಂಟಿದೆ,” ಎಂದೆ.

“ಹೌದಮ್ಮ. ಎಂಟೇ,” ಎಂದರು.

ಇಬ್ಬರೂ ಕೂತು ಎಂಟು ಕಾಯಿಗೂ ದಾರ ಕಟ್ಟಿದೆವು. ಒಂಬತ್ತನೆಯ ದಾರವನ್ನು ನಾನು ಅಂಗಡಿಗೆ ತಂದು ನನ್ನ ಕತ್ತರಿಯ ಹಿಡಿಕೆಗೆ ಸುತ್ತಿದ್ದೇನೆ. ಯಾಕೆ ಎಂದು ಗಿರಾಕಿಗಳು ಕೇಳುತ್ತಾರೆ. ಬೇರೆಯವರ ಕತ್ತರಿಯ ಜೊತೆ ಬೆರೆತು ಹೋಗದಿರಲಿ ಎಂದು ಗುರುತಿಗೆ ಎನ್ನುತ್ತೇನೆ.